ಮರಡಿಹಳ್ಳಿ ದಿಂಬುಕಲ್ಲು ನೋಡೋಕೆ ಬಂದವರಿಗೆ ನಾವು ತೋರಿಸೋದೇನು? ಒಂದು ಕೋಣೆಯ ಲೆಕ್ಕಾಚಾರ

ಹೋದ ತಿಂಗಳು ಒಂದು ಭಾನುವಾರ ಐಮಂಗಲದ ಹತ್ತಿರ ಟೀ ಕುಡೀತಾ ನಿಂತಿದ್ದೆ. ಬೆಂಗಳೂರು ನಂಬರಿನ ಕಾರೊಂದು ಬಂದು ನಿಂತಿತು. ಅಪ್ಪ, ಅಮ್ಮ, ಇಬ್ಬರು ಮಕ್ಕಳು. ಮೊಬೈಲ್ ತೋರಿಸಿ, "ಪಿಲ್ಲೋ ಲಾವಾ ಅಂತೆ, ಎಲ್ಲಿ ಬರುತ್ತೆ?" ಅಂತ ಕೇಳಿದರು. ಅಂಗಡಿಯವರು ಮರಡಿಹಳ್ಳಿ ಕಡೆ ಕೈ ತೋರಿಸಿದರು. ಮುಕ್ಕಾಲು ಗಂಟೆಗೆಲ್ಲಾ ಅದೇ ಕಾರು ವಾಪಸ್. ಚಿಕ್ಕ ಹುಡುಗಿ ಮುಖ ಸಣ್ಣದು ಮಾಡ್ಕೊಂಡು, "ಬರೀ ಕಲ್ಲು ಕಣಮ್ಮ" ಅಂದಳು. ಎರಡು ಟೀ, ಒಂದು ಬಿಸ್ಕೆಟ್ ಪ್ಯಾಕೆಟ್ ತಗೊಂಡು ಹೊರಟೇಬಿಟ್ಟರು.

ಅಂಗಡಿಯವರು ನನ್ನ ಕಡೆ ತಿರುಗಿ, "ಅಲ್ಲಿ ಏನೈತೆ ಅಂತ ನಮಗೇ ಗೊತ್ತಿಲ್ಲ, ಇವರಿಗೆ ಏನಂತ ಹೇಳಾನ ಹೇಳು ತಮ್ಮಾ?" ಅಂದರು.

ಆ ಪ್ರಶ್ನೆ ಇಟ್ಕೊಂಡೇ ಈ ಬರಹ. ಪ್ರವಾಸೋದ್ಯಮದ ಮಾತು ಬಂದಾಗಲೆಲ್ಲ ನಮ್ಮ ಕಡೆ ಒಂದು ಬೇಡಿಕೆ ಏಳುತ್ತೆ: ಒಂದು ವಿಸಿಟರ್ ಸೆಂಟರ್ ಆಗಬೇಕು, ಇಲ್ಲಾ ಇರೋ ಯಾವುದಾದರೂ ಮಾಹಿತಿ ಕೇಂದ್ರದ ಒಳಗೆ ಕಲ್ಲುಗಳಿಗೆ ಜಾಗ ಕೊಡಬೇಕು. ಒಳ್ಳೇ ಮಾತೇ. ಆದರೆ ಆ ಕೋಣೆಯ ಒಳಗೆ ಏನಿರಬೇಕು ಅನ್ನೋದನ್ನ ಯಾರೂ ಕೂತು ಮಾತಾಡಲ್ಲ. ಈಗಲೇ ಮಾತಾಡದಿದ್ದರೆ ದುಡ್ಡು ಬಂದ ದಿನ ಗುತ್ತಿಗೆದಾರರು ತಮಗೆ ಗೊತ್ತಿರೋದನ್ನ ಮಾಡಿ ಹೋಗ್ತಾರೆ.

ಮೊದಲು, ಅಲ್ಲಿ ಇರೋದೇನು?

ಚಿತ್ರದುರ್ಗ ನಗರದಿಂದ ಆಗ್ನೇಯಕ್ಕೆ ಸುಮಾರು 16 ಕಿ.ಮೀ. ದೂರದಲ್ಲಿದೆ ಈ ಜಾಗ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ, ಅಂದರೆ ಜಿಎಸ್‌ಐ, 1976ರಲ್ಲಿ ಇದನ್ನ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂತ ಗುರುತಿಸಿತು. ಕರ್ನಾಟಕದಲ್ಲಿ ಈ ಹೆಸರು ಸಿಕ್ಕಿರೋದು ಕೆಲವೇ ಜಾಗಗಳಿಗೆ. ಮಲ್ಪೆ ಹತ್ತಿರದ ಸೇಂಟ್ ಮೇರೀಸ್ ದ್ವೀಪ, ಬೆಂಗಳೂರಿನ ಲಾಲ್‌ಬಾಗ್ ಬಂಡೆ ಈ ಸಾಲಿಗೆ ಸೇರಿದವು. ಅವೆರಡಕ್ಕೂ ಜನ ಮುಗಿಬಿದ್ದು ಹೋಗ್ತಾರೆ. ನಮ್ಮದಕ್ಕೆ ಗೂಗಲ್ ಮ್ಯಾಪ್ ನೋಡ್ಕೊಂಡು ಬರೋರು ಮಾತ್ರ.

ಇಲ್ಲಿರೋದು ದಿಂಬಿನ ಆಕಾರದ ಲಾವಾ ಕಲ್ಲು. ಜ್ವಾಲಾಮುಖಿಯ ಕುದಿಯೋ ಲಾವಾ ನೀರಿನ ಅಡಿಯಲ್ಲಿ ಹೊರಗೆ ಬಂದಾಗ ಹೀಗಾಗುತ್ತೆ. ತಣ್ಣೀರು ತಾಗಿದ ತಕ್ಷಣ ಲಾವಾದ ಹೊರಮೈ ಗಟ್ಟಿಯಾಗುತ್ತೆ, ಒಳಗಿನ್ನೂ ಬಿಸಿ, ಮೆತ್ತಗೆ ಇರುತ್ತೆ. ಉಂಡೆ ಉಂಡೆಯಾಗಿ ಒಂದರ ಮೇಲೊಂದು ಕೂರುತ್ತೆ. ಆಲೆಮನೆಯಲ್ಲಿ ಬೆಲ್ಲದ ಪಾಕ ಬಂತಾ ಅಂತ ನೋಡೋಕೆ ನೀರಿಗೆ ಸ್ವಲ್ಪ ಬಿಡ್ತಾರಲ್ಲ, ಅದು ಹೇಗೆ ಉಂಡೆ ಕಟ್ಟುತ್ತೋ ಹೆಚ್ಚು ಕಮ್ಮಿ ಹಾಗೇ.

ಈ ದಿಂಬುಗಳಲ್ಲಿ ಇನ್ನೊಂದು ಗುಟ್ಟಿದೆ. ಮೇಲ್ಭಾಗ ದುಂಡಗೆ ಇರುತ್ತೆ. ಕೆಳಭಾಗ ಮಾತ್ರ ಅಡಿಯಲ್ಲಿರೋ ಎರಡು ದಿಂಬುಗಳ ಸಂದಿಗೆ ಇಳಿದು ಚೂಪಾಗಿರುತ್ತೆ. ಅದನ್ನ ನೋಡಿದರೆ ಆ ಕಾಲದಲ್ಲಿ ಯಾವುದು ಮೇಲಿತ್ತು, ಯಾವುದು ಕೆಳಗಿತ್ತು ಅಂತ ಹೇಳಬಹುದು. ಭೂಮಿಯ ಪದರ ಮಡಚಿಕೊಂಡು ತಲೆಕೆಳಗಾಗಿದ್ದರೂ ಪತ್ತೆ ಆಗುತ್ತೆ.

ಈ ಕಲ್ಲಿನ ವಯಸ್ಸು ಸುಮಾರು 250 ಕೋಟಿ ವರ್ಷ ಅನ್ನೋದು ಜಿಎಸ್‌ಐ ಕೊಡೋ ಲೆಕ್ಕ. ಈಗ ನೀರಿಗಾಗಿ ಭದ್ರಾ ಮೇಲ್ದಂಡೆ ಕಾಲುವೆ ಯಾವಾಗ ಬರುತ್ತೋ ಅಂತ ಕಾಯ್ತಾ ಕೂತಿರೋ ಈ ಒಣ ನೆಲ ಒಂದು ಕಾಲದಲ್ಲಿ ನೀರಿನ ಅಡಿಯಲ್ಲಿತ್ತು ಅನ್ನೋದಕ್ಕೆ ಇದೇ ಸಾಕ್ಷಿ. ಇಷ್ಟು ವಿಷಯ ಆ ಹುಡುಗಿಗೆ ಯಾರಾದರೂ ಐದು ನಿಮಿಷದಲ್ಲಿ ಹೇಳಿದ್ದರೆ "ಬರೀ ಕಲ್ಲು" ಅಂತ ಅನ್ನುತ್ತಿರಲಿಲ್ಲ.

ನಾನು ನೋಡಿದ ಒಂದು ಕೇಂದ್ರ

ಹೆಸರು, ಊರು ಬೇಡ. ಎರಡು ವರ್ಷದ ಹಿಂದೆ ಒಂದು ಪ್ರಕೃತಿ ಮಾಹಿತಿ ಕೇಂದ್ರಕ್ಕೆ ಹೋಗಿದ್ದೆ. ಒಳಾಂಗಣ ಆಗಷ್ಟೇ ಹೊಸದು ಮಾಡಿದ್ದರು. ಫಾಲ್ಸ್ ಸೀಲಿಂಗ್, ಬಣ್ಣ ಬಣ್ಣದ ಎಲ್‌ಇಡಿ, ಗೋಡೆ ತುಂಬಾ ಚಿರತೆ, ಕರಡಿ, ನವಿಲಿನ ಫ್ಲೆಕ್ಸ್, ಮಧ್ಯದಲ್ಲಿ ಒಂದು ಟಚ್ ಸ್ಕ್ರೀನ್. ಮೂಲೆಯಲ್ಲಿ ಒಂದು ಗಾಜಿನ ಪೆಟ್ಟಿಗೆ, ಅದರಲ್ಲಿ ಆರು ಕಲ್ಲು. ಪಕ್ಕದಲ್ಲಿ ಇಂಗ್ಲಿಷಿನಲ್ಲಿ ಹೆಸರು ಬರೆದ ಚೀಟಿ. ಬೆಟ್ಟದ ಮೇಲೆ ಕಟ್ಟಿದ ಕೇಂದ್ರ ಅದು, ಆದರೆ ಆ ಬೆಟ್ಟ ಯಾವ ಕಲ್ಲಿನದು ಅಂತ ಎಲ್ಲೂ ಬರೆದಿರಲಿಲ್ಲ.

ಮೊನ್ನೆ ಮತ್ತೆ ಹೋದೆ. ಟಚ್ ಸ್ಕ್ರೀನ್ ಕೆಟ್ಟು ಅದರ ಮೇಲೆ ಬಟ್ಟೆ ಹೊದಿಸಿದ್ದಾರೆ. ಫ್ಲೆಕ್ಸ್ ಅಂಚು ಕಿತ್ತು ಬಂದಿದೆ. ಪೆಟ್ಟಿಗೆಯಲ್ಲಿ ನಾಲ್ಕು ಕಲ್ಲು, ಆರು ಚೀಟಿ. ಯಾವ ಚೀಟಿ ಯಾವ ಕಲ್ಲಿಗೆ ಅಂತ ಅಲ್ಲಿದ್ದ ಕಾವಲುಗಾರರಿಗೂ ಗೊತ್ತಿಲ್ಲ. ಅವರ ತಪ್ಪಲ್ಲ ಅದು. ಅವರಿಗೆ ಕೊಟ್ಟಿದ್ದು ಬೀಗದ ಕೈ ಮಾತ್ರ, ತರಬೇತಿ ಯಾರೂ ಕೊಟ್ಟಿಲ್ಲ.

ಹೀಗಾಗೋಕೆ ಒಂದು ಕಾರಣ ಟೆಂಡರ್ ಬರೆಯೋ ರೀತಿಯಲ್ಲೇ ಇದೆ. ಸರ್ಕಾರದ ಕೆಲಸ 1999ರ ಪಾರದರ್ಶಕತೆ ಕಾಯ್ದೆ ಪ್ರಕಾರ ಟೆಂಡರ್ ಮೇಲೆ ನಡೀಬೇಕು, ಅದು ಸರಿಯೇ. ಆದರೆ ಒಳಾಂಗಣ ಕೆಲಸ ಅಂದರೆ ಚದರಡಿ ಲೆಕ್ಕ: ಸೀಲಿಂಗ್ ಇಷ್ಟು, ಪೇಂಟ್ ಇಷ್ಟು, ಲೈಟ್ ಇಷ್ಟು. ಕಲ್ಲನ್ನ ಯಾರು ಆರಿಸಬೇಕು, ಕನ್ನಡದಲ್ಲಿ ಯಾರು ಬರೀಬೇಕು, ಬರೆದದ್ದನ್ನ ಯಾವ ಭೂವಿಜ್ಞಾನಿ ತಿದ್ದಬೇಕು, ಎರಡನೇ ವರ್ಷ ಕೆಟ್ಟದ್ದನ್ನ ಯಾರು ಸರಿ ಮಾಡಬೇಕು? ಇದಕ್ಕೆ ಚದರಡಿ ಲೆಕ್ಕ ಇಲ್ಲ. ಲೆಕ್ಕದಲ್ಲಿ ಇಲ್ಲದ್ದಕ್ಕೆ ದುಡ್ಡೂ ಇರಲ್ಲ. ಕೊನೆಗೆ ಚೆಂದದ ಕೋಣೆ ಸಿಗುತ್ತೆ, ಅದರಲ್ಲಿ ವಿಷಯ ಇರಲ್ಲ.

ಬೇರೆಯವರು ಹೇಗೆ ಮಾಡಿದ್ದಾರೆ

ಅಮೆರಿಕದ ಗ್ರಾಂಡ್ ಕ್ಯಾನಿಯನ್ ಕಣಿವೆ ಎಲ್ಲರಿಗೂ ಫೋಟೋದಲ್ಲಿ ಗೊತ್ತು. ಅದರ ಅಂಚಿನಲ್ಲಿ 1928ರಲ್ಲಿ ಕಟ್ಟಿದ ಒಂದು ಚಿಕ್ಕ ಕಲ್ಲಿನ ಕಟ್ಟಡ ಇದೆ. ಅದು ಯಾವಪಾಯ್ ಭೂವಿಜ್ಞಾನ ಸಂಗ್ರಹಾಲಯ. ಅಲ್ಲಿ ಮುಖ್ಯ ಪ್ರದರ್ಶನ ಅಂದರೆ ಒಂದು ದೊಡ್ಡ ಕಿಟಕಿ ಸಾಲು. ಕಿಟಕಿಯಿಂದ ಎದುರಿನ ಕಣಿವೆ ಕಾಣುತ್ತೆ. ಕಿಟಕಿ ಪಕ್ಕದ ಫಲಕಗಳು ಆ ಕಾಣೋ ಪದರ ಯಾವುದು, ಹೇಗಾಯ್ತು ಅಂತ ಹೇಳ್ತವೆ. ಕೋಣೆಯಲ್ಲಿ ಓದಿದ್ದನ್ನ ಅಲ್ಲೇ ನಿಂತು ಹೊರಗೆ ನೋಡಬಹುದು.

ಅದೇ ಕಟ್ಟಡದ ಹತ್ತಿರದಿಂದ 2010ರಲ್ಲಿ 'ಕಾಲದ ಹಾದಿ' ಅಂತ ಒಂದು ಕಾಲುದಾರಿ ಮಾಡಿದರು. ಒಂದು ಮೀಟರ್ ನಡೆದರೆ 10 ಲಕ್ಷ ವರ್ಷ ನಡೆದ ಹಾಗೆ. ದಾರಿ ಪಕ್ಕದಲ್ಲಿ ಕಣಿವೆಯ ಕಲ್ಲುಗಳನ್ನ ಅವುಗಳ ವಯಸ್ಸು ಬರೋ ಜಾಗದಲ್ಲಿ ನಿಲ್ಲಿಸಿದ್ದಾರೆ. ಗಾಜಿನ ಪೆಟ್ಟಿಗೆ ಇಲ್ಲ, ಕೈಯಿಂದ ಮುಟ್ಟಬಹುದು. ಬಿಸಿಲಿಗೆ, ಮಳೆಗೆ, ಮಕ್ಕಳ ಕೈಗೆ ಕೆಡೋ ವಸ್ತುವೇ ಅಲ್ಲ ಕಲ್ಲು. ಹುಲಿ ಚರ್ಮಕ್ಕೆ ಗಾಜು ಬೇಕು, ಗ್ರಾನೈಟಿಗೆ ಯಾಕೆ?

ಅವರಷ್ಟು ದುಡ್ಡು ನಮ್ಮ ಹತ್ತಿರ ಇಲ್ಲ, ಒಪ್ಪುತ್ತೇನೆ. ಆದರೆ ಈ ಎರಡು ಉಪಾಯಕ್ಕೂ ಕೋಟಿ ಬೇಕಾಗಿಲ್ಲ. ಒಂದು, ಕೋಣೆ ಹೊರಗಿನ ಕಲ್ಲಿನ ಕಡೆ ಬೆರಳು ತೋರಿಸಬೇಕು. ಇನ್ನೊಂದು, ಕೈಗೆ ಕಲ್ಲು ಸಿಗಬೇಕು.

ನಮ್ಮ ಕೋಣೆ ಹೀಗಿರಬಹುದು

ಹೊಸ ಕಟ್ಟಡ ಬೇಡವೇ ಬೇಡ. ಇರೋ ಒಂದು ಕಟ್ಟಡದಲ್ಲಿ 33 ಅಡಿಗೆ 43 ಅಡಿಯ ಒಂದು ಹಾಲ್ ಸಿಕ್ಕರೆ ಸಾಕು. ಆ ಅಳತೆ ಸುಮ್ಮನೆ ಹೇಳಿದ್ದಲ್ಲ. ಮೀಟರ್ ಲೆಕ್ಕದಲ್ಲಿ ಅದು 10ಕ್ಕೆ 13. ನಾಲ್ಕು ಗೋಡೆ ಸುತ್ತಿದರೆ 46 ಮೀಟರ್. ಭೂಮಿಯ ವಯಸ್ಸು ಸುಮಾರು 460 ಕೋಟಿ ವರ್ಷ. ಗೋಡೆ ಮೇಲೆ ಒಂದು ಬಣ್ಣದ ಪಟ್ಟಿ ಎಳೆದರೆ ಒಂದು ಸೆಂಟಿಮೀಟರಿಗೆ 10 ಲಕ್ಷ ವರ್ಷ ಸರಿಯಾಗಿ ಕೂರುತ್ತೆ. ಬಾಗಿಲ ಎಡಗಡೆ ಭೂಮಿ ಹುಟ್ಟಿದ್ದು. ಒಂದು ಸುತ್ತು ಹಾಕಿ ಬಾಗಿಲ ಬಲಗಡೆಗೆ ಬಂದರೆ ಇವತ್ತು. ಬಾಗಿಲ ಮೇಲೂ ಪಟ್ಟಿ ಹಾಯಬೇಕು, ಅಷ್ಟೇ.

ಇವತ್ತಿನಿಂದ ಹಿಂದಕ್ಕೆ ಅಳೆದುಕೊಂಡು ಹೋಗಿ. ಮನುಷ್ಯ ಜಾತಿ ಕಾಣಿಸಿಕೊಂಡು ಸುಮಾರು 3 ಲಕ್ಷ ವರ್ಷ. ಪಟ್ಟಿಯಲ್ಲಿ ಅದು 3 ಮಿಲಿಮೀಟರ್. ಡೈನೋಸಾರ್‌ಗಳು ಅಳಿದದ್ದು 66 ಸೆಂಟಿಮೀಟರ್ ಹಿಂದೆ, ಅಂದರೆ ಎರಡು ಅಡಿ ಚಿಲ್ಲರೆ. ಮರಡಿಹಳ್ಳಿ ದಿಂಬುಕಲ್ಲು ಸಿಗೋಕೆ 25 ಮೀಟರ್ ಹೋಗಬೇಕು, ಅರ್ಧ ಕೋಣೆ ದಾಟಿ. ಲಾಲ್‌ಬಾಗ್ ಬಂಡೆಗೆ ಇನ್ನೂ ಐದು ಮೀಟರ್. ಹೈದರಾಲಿ ದುರ್ಗ ಗೆದ್ದಿದ್ದು 1779ರಲ್ಲಿ. ನಮಗೆ ಅದೇ ಬಹಳ ಹಳೇ ಕಥೆ. ಈ ಪಟ್ಟಿಯಲ್ಲಿ ಅದಕ್ಕೆ ಒಂದು ಕೂದಲಿನ ದಪ್ಪದಷ್ಟೂ ಜಾಗ ಇಲ್ಲ. ಇದಕ್ಕೆ ಬೇಕಿರೋದು ಪೇಂಟ್, ಟೇಪು, ಲೆಕ್ಕ ಗೊತ್ತಿರೋ ಒಬ್ಬ ಮೇಷ್ಟ್ರು. ಕರೆಂಟ್ ಹೋದರೂ ಇದು ನಡೆಯುತ್ತೆ.

ಕೋಣೆ ಮಧ್ಯದಲ್ಲಿ ಕಲ್ಲುಗಳು, ಗೋಡೆ ಶೆಲ್ಫಿನ ಮೇಲಲ್ಲ. ಒಂದು ಘನ ಅಡಿ ಕಲ್ಲು ಅಂದರೆ 75ರಿಂದ 85 ಕೆ.ಜಿ. ತೂಗುತ್ತೆ. ಪ್ಲೈವುಡ್ ಶೆಲ್ಫು ಬಾಗಿ ಬೀಳೋದು ಖಂಡಿತ. ನೆಲದ ಮೇಲೆ ಇಟ್ಟಿಗೆ ಕಟ್ಟೆ ಕಟ್ಟಿ ಇಡಬೇಕು, ಎರಡೂವರೆ ಅಡಿ ಎತ್ತರ ಸಾಕು. ಮಕ್ಕಳಿಗೆ, ವೀಲ್‌ಚೇರಿನಲ್ಲಿ ಬಂದವರಿಗೆ ಕೈಗೆ ಸಿಗುತ್ತೆ. ಪ್ರತಿ ಕಲ್ಲಿನ ಒಂದು ಮುಖ ಪಾಲಿಶ್ ಮಾಡಿಸಬೇಕು, ಉಳಿದದ್ದು ಹಾಗೇ ಒರಟು ಬಿಡಬೇಕು. ಪಾಲಿಶ್ ಮುಖದಲ್ಲಿ ಒಳಗಿನ ಬಣ್ಣ, ಕಣ ಕಾಣುತ್ತೆ, ಒರಟು ಮುಖದಲ್ಲಿ ಹೊಲದಲ್ಲಿ ಕಂಡ ಕಲ್ಲಿನ ಗುರುತು ಸಿಗುತ್ತೆ. ಲೈಟ್ ನೇರ ತಲೆ ಮೇಲಿಂದ ಬೇಡ, ಪಕ್ಕದಿಂದ ಬೀಳಬೇಕು. ಸಂಜೆ ಬಿಸಿಲಲ್ಲಿ ಕೋಟೆ ಬಂಡೆಗಳ ಗೆರೆ ಗೆರೆಯೂ ಕಾಣುತ್ತಲ್ಲ, ಮಧ್ಯಾಹ್ನ ಕಾಣಲ್ಲ. ಕಾರಣ ಅದೇ.

ಒಂದು ಎಚ್ಚರಿಕೆ. ಪ್ರದರ್ಶನಕ್ಕೆ ಅಂತ ಸ್ಮಾರಕದಿಂದಲೇ ದಿಂಬುಕಲ್ಲು ಕಿತ್ತು ತರಬಾರದು. ಅಚ್ಚು ತೆಗೆದು ಪ್ರತಿ ಮಾಡಿಸಬಹುದು, ದೊಡ್ಡ ಫೋಟೋ ಹಾಕಬಹುದು. ದಿಂಬು ಹೇಗೆ ಆಗುತ್ತೆ ಅಂತ ತೋರಿಸೋಕೆ ಚಿಕ್ಕ ಬಟ್ಟೆ ಚೀಲಗಳಿಗೆ ಹಸಿ ಜೇಡಿಮಣ್ಣು ತುಂಬಿ ಮಕ್ಕಳ ಕೈಲಿ ಒಂದರ ಮೇಲೊಂದು ಇಡಿಸಿದರೆ ಸಾಕು. ಮೇಲೆ ದುಂಡಗೆ, ಕೆಳಗೆ ಚೂಪು ತಾನೇ ಆಗುತ್ತೆ.

ಹೆಸರು ಬರೆಯುವಾಗ ಮೊದಲು ನಮ್ಮ ಹೆಸರು ಬರಲಿ. ಬೆಣಚುಕಲ್ಲು, ಬಳಪದ ಕಲ್ಲು, ಸುಣ್ಣಕಲ್ಲು, ಕಾಗೆಬಂಗಾರ. ಇವೆಲ್ಲ ನಮ್ಮ ಅಜ್ಜಿಯರಿಗೆ ಗೊತ್ತಿದ್ದ ಹೆಸರು. ಅದರ ಕೆಳಗೆ ವಿಜ್ಞಾನದ ಹೆಸರು ಬರಲಿ. ಒಂದು ಫಲಕಕ್ಕೆ ಐವತ್ತು ಪದ ಮೀರಬಾರದು. ಬರೆದ ಮೇಲೆ ಒಬ್ಬ ಏಳನೇ ಕ್ಲಾಸಿನ ಹುಡುಗನ ಕೈಲಿ ಓದಿಸಿ, ಎಲ್ಲಿ ತಡವರಿಸಿದ ಅಂತ ನೋಡಿ ತಿದ್ದಬೇಕು. ಬೆಟ್ಟದ ಗುಂಡುಗಳು ಯಾಕೆ ದುಂಡಗಿವೆ ಅಂತ ಹೇಳೋಕೆ ದೊಡ್ಡ ಪದ ಬೇಕಾಗಿಲ್ಲ. ಬಿಸಿಲು ಮಳೆಗೆ ಬಂಡೆಯ ಮೇಲ್ಪದರ ಈರುಳ್ಳಿ ಸಿಪ್ಪೆ ಥರ ಸುಲಿದು ಬರುತ್ತೆ ಅಂದರೆ ಸಾಕು. ಈರುಳ್ಳಿ ಬೆಳೆಯೋ ಜಿಲ್ಲೆಯಲ್ಲಿ ಇದು ಯಾರಿಗೆ ಅರ್ಥ ಆಗಲ್ಲ?

ಬೋರ್‌ವೆಲ್ ಪುಡಿಯ ಗೋಡೆ

ನಾನು ಡಿಗ್ರಿ ಅರ್ಧಕ್ಕೆ ಬಿಟ್ಟವನು. ಕಲ್ಲಿನ ಪಾಠ ಕಾಲೇಜಲ್ಲಿ ಕಲಿತಿಲ್ಲ. ಕಲಿತದ್ದು ನಮ್ಮ ಹೊಲದಲ್ಲಿ ಬೋರ್ ಕೊರೆಸುವಾಗ, ರಾತ್ರಿಯೆಲ್ಲಾ ಲಾರಿ ಪಕ್ಕ ಕೂತು. ಮೊದಲು ಕೆಂಪು ಮಣ್ಣು ಬಂತು, ಆಮೇಲೆ ಹಳದಿ ಪುಡಿ, ಆಮೇಲೆ ಬೂದಿ ಬಣ್ಣ, ಆಮೇಲೆ ಕಪ್ಪು. ಬಣ್ಣ ಬದಲಾದಾಗಲೆಲ್ಲ ಡ್ರಿಲ್ಲರ್ ಅಣ್ಣ ಪುಡಿ ಕೈಗೆ ತಗೊಂಡು ಉಜ್ಜಿ ನೋಡಿ, ಇನ್ನು ನೀರು ಸಿಗಬಹುದು, ಸಿಗಲ್ಲ ಅಂತ ಹೇಳೋರು. ಈ ತಾಲೂಕಿನಲ್ಲಿ ಬೋರ್ ಕೊರೆಸದ ಮನೆ ಹುಡುಕೋದೇ ಕಷ್ಟ. ಅಂದರೆ ನಮ್ಮ ಜನಕ್ಕೆ ಭೂವಿಜ್ಞಾನ ಗೊತ್ತಿಲ್ಲ ಅನ್ನೋದು ಸುಳ್ಳು. ಸಾಲ ಮಾಡಿ ಕಲಿತಿದ್ದಾರೆ.

ಹಾಗಾಗಿ ಕೋಣೆಯ ಒಂದು ಗೋಡೆ ಬೋರ್‌ವೆಲ್‌ಗೆ ಬಿಡಬೇಕು ಅನ್ನೋದು ನನ್ನ ಮಾತು. ಬೇರೆ ಬೇರೆ ಊರಿನ ಬೋರ್‌ಗಳಿಂದ ಪ್ರತಿ 50 ಅಡಿಗೆ ಒಂದು ಬಾಟಲಿ ಪುಡಿ, ಮೇಲಿಂದ ಕೆಳಗೆ ಸಾಲಾಗಿ. ಪಕ್ಕದಲ್ಲಿ ಊರಿನ ಹೆಸರು, ಎಷ್ಟು ಅಡಿಗೆ ನೀರು ಸಿಕ್ಕಿತು, ಇಲ್ಲಾ ಸಿಗಲಿಲ್ಲ. ರೈತರು ತಮ್ಮ ಊರಿನ ಸಾಲು ಹುಡುಕಿಕೊಂಡು ಬಂದು ನಿಲ್ತಾರೆ. ಪ್ರವಾಸಿಗಳಿಗೆ ಮಾತ್ರ ಅಲ್ಲ, ನಮಗೂ ಬೇಕಾದ ಕೋಣೆ ಆಗುತ್ತೆ.

"ಕುಡಿಯೋ ನೀರಿಗೇ ದುಡ್ಡಿಲ್ಲ"

ಈ ವಿಚಾರ ಮಾತಾಡಿದಾಗ ಒಬ್ಬ ಗ್ರಾಮ ಪಂಚಾಯಿತಿ ಸದಸ್ಯರು ನೇರವಾಗಿ ಕೇಳಿದರು: "ಕುಡಿಯೋ ನೀರಿಗೇ ದುಡ್ಡಿಲ್ಲ, ಕಲ್ಲಿಗೆ ಯಾಕಪ್ಪಾ?" ನ್ಯಾಯವಾದ ಪ್ರಶ್ನೆ. ನೀರಿನ ದುಡ್ಡು ಮುಟ್ಟಿ ಇದನ್ನ ಮಾಡಿ ಅಂತ ನಾನೂ ಹೇಳಲ್ಲ. ಪ್ರವಾಸೋದ್ಯಮದ ಹೆಸರಲ್ಲೇ ಬರೋ ದುಡ್ಡು ಕಮಾನು, ಫೌಂಟೇನ್, ಸೆಲ್ಫಿ ಪಾಯಿಂಟ್‌ಗೆ ಹೋಗುತ್ತಲ್ಲ, ಅದರಲ್ಲಿ ಒಂದು ಪಾಲು ಕೇಳೋಣ ಅನ್ನೋದು ನನ್ನ ವಾದ. ಜಿಲ್ಲಾ ಖನಿಜ ಪ್ರತಿಷ್ಠಾನ ನಿಧಿಯ ಆದ್ಯತಾ ಪಟ್ಟಿಯಲ್ಲಿ ಶಿಕ್ಷಣವೂ ಇದೆ. ಗಣಿ ಬಾಧಿತ ಊರಿನ ಶಾಲೆಗಳಿಗೆ ಇಂಥ ಕೋಣೆ ಉಪಯೋಗ ಆಗುತ್ತಾ ಅಂತ ಅಲ್ಲೂ ಕೇಳಿ ನೋಡಬಹುದು.

ವ್ಯಾಪಾರದ ಮಾತೂ ಇದೆ. 1933ರ ನಂತರ ಮೊದಲ ಬಾರಿಗೆ 2022ರಲ್ಲಿ ವಾಣಿ ವಿಲಾಸ ಸಾಗರ ಕೋಡಿ ಬಿದ್ದಾಗ ಹಿರಿಯೂರು ರಸ್ತೆಯಲ್ಲಿ ಜನ ಹೇಗೆ ಬಂದರು ಅಂತ ಅಂಗಡಿಯವರಿಗೆ ಗೊತ್ತು. ಮುಸುಕಿನ ಜೋಳ, ಚುರುಮುರಿ, ಎಳನೀರು ಎಲ್ಲಾ ಖಾಲಿ. 2025ರ ಜನವರಿಯಲ್ಲೂ ಹಾಗೇ. ಆದರೆ ಡ್ಯಾಮ್ ತುಂಬೋದು ಮಳೆರಾಯನ ಕೈಲಿದೆ. ದಿಂಬುಕಲ್ಲು ವರ್ಷದ ಹನ್ನೆರಡು ತಿಂಗಳೂ ಅಲ್ಲೇ ಇರುತ್ತೆ. ಕೋಟೆ ನೋಡಿ ಬರೋರು, ಡ್ಯಾಮ್‌ಗೆ ಹೋಗೋರು ದಾರಿಯಲ್ಲಿ ಇನ್ನೊಂದು ಗಂಟೆ ನಿಂತರೆ ಟೀ ಬದಲು ಊಟ ಮಾಡ್ತಾರೆ. ಶಾಲೆ ಟ್ರಿಪ್‌ನ ಒಂದು ಬಸ್ ನಿಂತರೆ ಐವತ್ತು ಮಕ್ಕಳು.

ನಿಜವಾದ ಅಪಾಯ

ಕೋಟೆಗೆ ಪುರಾತತ್ವ ಇಲಾಖೆಯ ರಕ್ಷಣೆ ಇದೆ, 1958ರ ಕಾನೂನು ಇದೆ. ಕೋಟೆಯ ಕಲ್ಲು ಕಿತ್ತರೆ ಕೇಸು. ಭೂವೈಜ್ಞಾನಿಕ ಸ್ಮಾರಕಕ್ಕೆ ಅಂಥ ಪ್ರತ್ಯೇಕ ಕಾನೂನು ಇಲ್ಲ. ಕೇಂದ್ರ ಗಣಿ ಸಚಿವಾಲಯ 2022ರ ಡಿಸೆಂಬರ್‌ನಲ್ಲಿ ಭೂ ಪರಂಪರೆ ತಾಣಗಳ ರಕ್ಷಣೆಗೆ ಒಂದು ಕರಡು ಮಸೂದೆ ಜನರ ಮುಂದಿಟ್ಟಿತ್ತು. ಅದು ಕರಡಾಗಿಯೇ ಉಳಿದಿದೆ.

ಕಾನೂನು ಗಟ್ಟಿ ಇಲ್ಲದ ಕಡೆ ಕಾಯೋದು ಊರಿನವರ ಕಣ್ಣು ಮಾತ್ರ. ನಮ್ಮಲ್ಲಿ ಒಂದು ಲೋಡ್ ಜಲ್ಲಿ ರೇಟ್ ಎಷ್ಟು ಅಂತ ಹತ್ತು ವರ್ಷದ ಹುಡುಗನಿಗೂ ಗೊತ್ತು. ಆ ಜಲ್ಲಿ ಯಾವ ಕಲ್ಲು, ಎಷ್ಟು ಹಳೇದು ಅಂತ ಗೊತ್ತಿಲ್ಲ. ಗೊತ್ತಿಲ್ಲದ ಕಲ್ಲು ಒಡೆದರೆ ಯಾರೂ ದೂರು ಕೊಡಲ್ಲ. ಕ್ರಷರ್ ಕೆಲಸ ನಂಬಿ ಬದುಕೋ ಮನೆಗಳೂ ನಮ್ಮಲ್ಲಿವೆ, ಅವರ ಹೊಟ್ಟೆ ಮೇಲೆ ಹೊಡೀಬೇಕು ಅಂತ ಅಲ್ಲ. ಯಾವುದನ್ನ ಒಡೀಬಹುದು, ಯಾವುದನ್ನ ಮುಟ್ಟಬಾರದು ಅನ್ನೋ ಗುರುತು ಊರಿಗೇ ಇರಬೇಕು ಅಂತ.

ಇದರ ಇನ್ನೊಂದು ಮಗ್ಗುಲನ್ನೂ ಹೇಳಬೇಕು. ಜನ ಹೆಚ್ಚು ಬಂದರೆ ಹಾಳೂ ಹೆಚ್ಚು. ನೆನಪಿಗೆ ಅಂತ ಒಂದು ಚೂರು ಒಡೆದುಕೊಂಡು ಹೋಗೋರು, ಬಣ್ಣದಲ್ಲಿ ಹೆಸರು ಬರೆಯೋರು ಬಂದೇ ಬರ್ತಾರೆ. ಆದ್ದರಿಂದ ಕೋಣೆಗೆ ಮೊದಲು ಇಬ್ಬರು ಸ್ಥಳೀಯ ಹುಡುಗರನ್ನೋ ಹುಡುಗಿಯರನ್ನೋ ನೇಮಿಸಿ, ತರಬೇತಿ ಕೊಟ್ಟು, ತಿಂಗಳ ಸಂಬಳ ಕೊಡಬೇಕು. ಜಾಗ ಕಾಯೋದು, ಬಂದವರಿಗೆ ಹೇಳೋದು ಎರಡೂ ಅವರ ಕೆಲಸ. ದುಡ್ಡು ಸಾಲದೇ ಬಂದರೆ ಫಾಲ್ಸ್ ಸೀಲಿಂಗ್ ಬಿಡಿ, ಆ ಇಬ್ಬರನ್ನ ಬಿಡಬೇಡಿ.

ಕೇಳಬೇಕಾದ ನಾಲ್ಕು ಪ್ರಶ್ನೆ

ಮುಂದೆ ಯಾವುದಾದರೂ ಸಭೆಯಲ್ಲಿ ವಿಸಿಟರ್ ಸೆಂಟರ್ ಮಾತು ಬಂದರೆ, ಅಂಗಡಿ ಮಾಲೀಕರು, ಊರಿನವರು ಎದ್ದು ಇಷ್ಟು ಕೇಳಿ. ಅಂದಾಜು ಪಟ್ಟಿಯಲ್ಲಿ ವಿಷಯ ಬರೆಸೋಕೆ, ತಿದ್ದಿಸೋಕೆ ಎಷ್ಟು ದುಡ್ಡು ಇಟ್ಟಿದ್ದೀರಿ? ಎರಡನೇ, ಮೂರನೇ ವರ್ಷದ ನಿರ್ವಹಣೆ ಯಾರದು? ಭಾನುವಾರ, ಹಬ್ಬದ ದಿನ ಬಾಗಿಲು ತೆಗೆದಿರುತ್ತಾ, ಬೀಗದ ಕೈ ಯಾರ ಹತ್ತಿರ? ಕೆಲಸಕ್ಕೆ ಊರಿನವರು ಎಷ್ಟು ಜನ? ಇದಕ್ಕೆ ಬರಹದಲ್ಲಿ ಉತ್ತರ ಸಿಕ್ಕ ಮೇಲೆ ಬಣ್ಣ ಯಾವುದು ಅಂತ ಮಾತಾಡಬಹುದು.

ಕೋಣೆ ಯಾವಾಗ ಆಗುತ್ತೋ ನನಗೆ ಗೊತ್ತಿಲ್ಲ. ಅಲ್ಲಿಯವರೆಗೆ ಕೈಲಾಗೋ ಒಂದು ಕೆಲಸ ಇದೆ. ನಿಮ್ಮ ಹೊಲದಲ್ಲಿ ಈ ವರ್ಷ ಬೋರ್ ಕೊರೆಸೋದಿದ್ದರೆ ಪ್ರತಿ 50 ಅಡಿಗೆ ಒಂದು ಹಿಡಿ ಪುಡಿ ತೆಗೆದು ಹಳೇ ನೀರಿನ ಬಾಟಲಿಗೆ ಹಾಕಿ, ಮೇಲೆ ಅಡಿ ಎಷ್ಟು ಅಂತ ಬರೆದಿಡಿ. ನಮ್ಮನೇದು ಏಳು ಬಾಟಲಿ ಅಟ್ಟದ ಮೇಲಿದೆ. ನೀರು ಸಿಗಲಿಲ್ಲ, ಪುಡಿಯಾದರೂ ಇರಲಿ ಅಂತ ನಮ್ಮಪ್ಪ ಎತ್ತಿಟ್ಟಿದ್ದು.